ಹಿಮಾಲಯನ್ 411: ಯಾವ ವರ್ಷದ ಪಾರ್ಟು ಯಾವ ಗಾಡಿಗೆ ಕೂರುತ್ತದೆ

ನಿಮ್ಮ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿಗೆ ಗುಜರಿಯಲ್ಲಿ ಒಳ್ಳೆಯ ಸೀಟು ಸಿಕ್ಕಿತು, ಅದೇ ಕಂಪನಿಯ ಸ್ಕ್ರಾಮ್ ಬೈಕಿನ ಮುಂದಿನ ಚಕ್ರ ಅರ್ಧ ಬೆಲೆಗೆ ಬಂತು ಎಂದು ಕೊಂಡುಬಿಡುವ ಮೊದಲು ನಿಮ್ಮ ಗಾಡಿ ಯಾವ ಕಾಲದ್ದು ಎಂದು ಖಚಿತ ಮಾಡಿಕೊಳ್ಳಿ. ಇದಕ್ಕೆ ನೋಂದಣಿ ದಿನಾಂಕವನ್ನು ನಂಬಬೇಡಿ. ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತು ಆಮೇಲೆ ಮಾರಾಟವಾದ ಗಾಡಿಗಳಿವೆ. ಆರ್‌ಸಿಯಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಬೇರೆಯಾಗಿಯೇ ಇರುತ್ತದೆ, ಅದನ್ನು ನೋಡಿ.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಬಂದಾಗ ಕಾರ್ಬ್ಯುರೇಟರ್ ಇದ್ದ ಬಿಎಸ್3 ಗಾಡಿ (ಬಿಎಸ್ ಎಂದರೆ ಭಾರತ್ ಸ್ಟೇಜ್, ಹೊಗೆ ಮಾಲಿನ್ಯದ ಮಾನದಂಡದ ಹಂತ). 2017ರಲ್ಲಿ ಫ್ಯೂಯಲ್ ಇಂಜೆಕ್ಷನ್‌ನೊಂದಿಗೆ ಬಿಎಸ್4 ಆಯಿತು, 2018ರಲ್ಲಿ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಸೇರಿತು. 2020ರ ಬಿಎಸ್6 ಗಾಡಿಯಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸ್ವಿಚ್ ಬಂತು. 2021ರಲ್ಲಿ ದಾರಿ ತೋರಿಸುವ ಟ್ರಿಪ್ಪರ್ ಡಿಸ್‌ಪ್ಲೇ, ಹೊಸ ಸೀಟು, ಬದಲಾದ ರ್‍ಯಾಕ್‌ಗಳು. 2022ರಲ್ಲಿ ಅದೇ ಎಂಜಿನ್ನಿನ ಸ್ಕ್ರಾಮ್ 411. 2023ರ ಕೊನೆಗೆ ಬಂದ ಹಿಮಾಲಯನ್ 450 ಹೆಸರಿಗೆ ಮಾತ್ರ ಸಂಬಂಧಿ. ಎಂಜಿನ್, ಫ್ರೇಮು, ಫೋರ್ಕು ಎಲ್ಲವೂ ಬೇರೆ, ಅದರ ಪಾರ್ಟುಗಳ ಕಡೆ ನೋಡಲೇಬೇಡಿ.

411 ಸಿಸಿ ಎಂಜಿನ್ನಿನ ಈ ಗಾಡಿಗಳಲ್ಲಿ ಒಂದು ಗೆರೆ ಎಳೆದುಕೊಳ್ಳಬಹುದು. ಬರೀ ಕಬ್ಬಿಣ, ರಬ್ಬರು, ಸ್ಪಂಜು ಆಗಿರುವ ಪಾರ್ಟು ಬಹುಪಾಲು ಅದಲುಬದಲಾಗುತ್ತದೆ. ವೈರು ಅಥವಾ ಪೆಟ್ರೋಲ್ ಪೈಪು ಸೇರುವ ಪಾರ್ಟು ಅದೇ ಬಿಎಸ್ ಹಂತದ್ದೇ ಆಗಿರಬೇಕು. ಬೋಲ್ಟು ಕೂತಿತು ಎಂದರೆ ಅರ್ಧ ಕೆಲಸ ಮಾತ್ರ ಮುಗಿದಂತೆ.

ಹೆಚ್ಚು ಲಾಭ, ಕಡಿಮೆ ತಲೆನೋವು ಇರುವುದು 2021ರ ಮುಂದಿನ ರ್‍ಯಾಕ್ ಮತ್ತು ಸೀಟಿನಲ್ಲಿ. ಹಳೆಯ ರ್‍ಯಾಕು ಎತ್ತರದವರ ಮೊಣಕಾಲಿಗೆ ಬಡಿಯುತ್ತಿತ್ತು, ಹೊಸದರಲ್ಲಿ ಆ ತೊಂದರೆ ಇಲ್ಲ. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿ ಮಾಡುತ್ತ ಹೋದರೆ ಕೊನೆಯ ರಂಧ್ರ ಎರಡು ಮಿ.ಮೀ. ಆಚೆ ಉಳಿಯುತ್ತದೆ. ಎಲ್ಲವನ್ನೂ ಕೈಯಲ್ಲೇ ನಾಲ್ಕು ಸುತ್ತು ಕೂರಿಸಿ, ಆಮೇಲೆ ಅಡ್ಡಡ್ಡ ಬಿಗಿ ಮಾಡಿ. ಮೂಲ ಬೋಲ್ಟನ್ನೇ ಬಳಸಿ. ಎಂ10 (10 ಮಿ.ಮೀ. ದಪ್ಪದ) ಬೋಲ್ಟುಗಳಲ್ಲಿ 1.25 ಮತ್ತು 1.5 ಮಿ.ಮೀ. ಎಂಬ ಎರಡು ಪಿಚ್‌ಗಳಿವೆ, ಪಿಚ್ ಎಂದರೆ ಥ್ರೆಡ್‌ನ ಸುತ್ತುಗಳ ನಡುವಿನ ಅಂತರ. ನೋಡಲು ಒಂದೇ ಥರ, ಮೊದಲೆರಡು ಸುತ್ತು ಎರಡೂ ಹೋಗುತ್ತವೆ, ಮೂರನೆಯ ಸುತ್ತಿಗೆ ಸ್ಪ್ಯಾನರ್ ಬೇಕೆನಿಸಿದರೆ ಅಲ್ಲೇ ನಿಲ್ಲಿಸಿ. ಒತ್ತಾಯ ಮಾಡಿದರೆ ಫ್ರೇಮಿನ ಥ್ರೆಡ್ ಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇಲ್ಲದಿದ್ದರೆ 8.8 ದರ್ಜೆಯ ಎಂ6 ಬೋಲ್ಟಿಗೆ ಸುಮಾರು 10, ಎಂ8 ಬೋಲ್ಟಿಗೆ ಸುಮಾರು 24 ನ್ಯೂಟನ್ ಮೀಟರ್ ಬಿಗಿ (ಟಾರ್ಕ್) ಸಾಕು.

ಎಲ್ಲರೂ ಕೇಳುವುದು ಸ್ಕ್ರಾಮ್‌ನ 19 ಇಂಚಿನ ಮುಂದಿನ ಚಕ್ರದ ಬಗ್ಗೆ. ಟಾರ್ ರಸ್ತೆಯಲ್ಲೇ ಹೆಚ್ಚು ಓಡಿಸುವವರಿಗೆ ಆ ಆಸೆ ಸಹಜ. ಆದರೆ ಲೆಕ್ಕ ಹಾಕಿ ಮುಂದುವರಿಯಿರಿ. ಹಿಮಾಲಯನ್‌ನ 90/90-21 ಟಯರಿನ ವ್ಯಾಸ ಸುಮಾರು 695 ಮಿ.ಮೀ., ಸ್ಕ್ರಾಮ್‌ನ 100/90-19 ಟಯರಿನದು ಸುಮಾರು 663. ಅಂದರೆ ಗಾಡಿಯ ಮೂತಿ 16 ಮಿ.ಮೀ. ಕೆಳಗಿಳಿಯುತ್ತದೆ, ಅದೇ ವೇಗಕ್ಕೆ ಮುಂದಿನ ಚಕ್ರ ಶೇ. 5ರಷ್ಟು ಹೆಚ್ಚು ಸುತ್ತುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ, ಹೈವೇಯಲ್ಲಿ ನೇರ ಓಟದ ಸ್ಥಿರತೆ ಕಡಿಮೆಯಾಗುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಗಾಡಿ ಮೊದಲಿಗಿಂತ ನೆಟ್ಟಗೆ ನಿಲ್ಲುವುದರಿಂದ ಇಳಿಜಾರಿನಲ್ಲಿ ಲಗೇಜ್ ಸಮೇತ ಉರುಳುವ ಸಾಧ್ಯತೆ ಹೆಚ್ಚು.

ಎಬಿಎಸ್ ಗಾಡಿಯಲ್ಲಿ ಇನ್ನೊಂದು ತೊಡಕು. ಎಬಿಎಸ್ ಕಂಪ್ಯೂಟರ್ ಎರಡೂ ಚಕ್ರಗಳ ವೇಗವನ್ನು ಹೋಲಿಸುತ್ತಲೇ ಇರುತ್ತದೆ. ಮುಂದಿನದು ಶೇ. 5 ಹೆಚ್ಚು ತೋರಿಸಿದರೆ, ಹಿಂದಿನ ಚಕ್ರ ಆಗಲೇ ಜಾರುತ್ತಿದೆ ಎಂದು ಅದು ಎಣಿಸಿ, ಹಿಂದಿನ ಬ್ರೇಕನ್ನು ಬೇಗ ಬಿಡಿಸಬಹುದು. ಹಾಗಾಗಿ ಕೊಳ್ಳುವ ಮೊದಲು ಹಳೆಯ ಮತ್ತು ಹೊಸ ಮುಂದಿನ ಚಕ್ರಗಳೆರಡರ ಸೆನ್ಸರ್ ರಿಂಗಿನ (ವೇಗ ಅಳೆಯಲು ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆ) ಹಲ್ಲುಗಳನ್ನು ಚಾಕ್ ಗುರುತು ಹಾಕಿ ಎಣಿಸಿ. ಸಂಖ್ಯೆ ಒಂದೇ ಆಗಿದ್ದರೆ ಈ ಶೇ. 5ರ ತಪ್ಪು ಹಾಗೇ ಉಳಿಯುತ್ತದೆ. ನಮ್ಮ ಸಲಹೆ ಕೇಳಿದರೆ, ಎಬಿಎಸ್ ಇರುವ ಹಿಮಾಲಯನ್‌ಗೆ ಬರೀ ಚಕ್ರ ಬದಲಿಸುವುದು ಬೇಡ.

ಅದೇ 21 ಇಂಚಿನ ಬೇರೆ ವರ್ಷದ ಚಕ್ರ ಹಾಕುವುದಾದರೆ ಕೆಲಸ ಹೀಗೆ. ಹಳೆಯ ಚಕ್ರ ಬಿಚ್ಚುವ ಮೊದಲು ಸೆನ್ಸರ್ ತುದಿಗೂ ರಿಂಗಿಗೂ ಇರುವ ಅಂತರವನ್ನು ಫೀಲರ್ ಗೇಜಿನಲ್ಲಿ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು) ಅಳೆದು ಬರೆದಿಡಿ. ಬಿಚ್ಚಿದ ಮೇಲೆ ವರ್ನಿಯರ್ ತೆಗೆದುಕೊಂಡು ಬೇರಿಂಗಿನ ಒಳವ್ಯಾಸ, ಎರಡೂ ಸ್ಪೇಸರ್‌ಗಳ ಉದ್ದ, ಹಬ್‌ನ ಅಂಚಿನಿಂದ ಡಿಸ್ಕಿನ ಮುಖದವರೆಗಿನ ದೂರ ಅಳೆಯಿರಿ. ಎರಡೂ ಚಕ್ರಗಳಲ್ಲಿ ಈ ಅಳತೆಗಳು ಒಂದೇ ಇರಬೇಕು. ಡಿಸ್ಕು ಒಂದು ಮಿ.ಮೀ. ಆಚೀಚೆ ಆದರೂ ಕ್ಯಾಲಿಪರ್ ಒಂದೇ ಕಡೆ ಉಜ್ಜಿ, ಪ್ಯಾಡು ಓರೆಯಾಗಿ ಸವೆಯುತ್ತದೆ. ಚಕ್ರ ಹೊರಗಿರುವಾಗ ಯಾರಾದರೂ ಬ್ರೇಕ್ ಲಿವರ್ ಒತ್ತಿದರೂ ಪ್ಯಾಡುಗಳು ಒಂದಕ್ಕೊಂದು ಸೇರಿಕೊಳ್ಳದಂತೆ ಅವುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಹೊಸ ಚಕ್ರ ಕೂರಿಸಿದ ಮೇಲೆ ಆಕ್ಸಲ್ ಪೂರ್ತಿ ಬಿಗಿ ಮಾಡುವ ಮೊದಲು ಫೋರ್ಕನ್ನು ನಾಲ್ಕೈದು ಸಲ ಒತ್ತಿ ಬಿಡಿ. ಹಾಗೆ ಮಾಡದಿದ್ದರೆ ಫೋರ್ಕಿನ ಕಾಲುಗಳು ಓರೆಯಾಗಿ ಬಿಗಿದು, ಸಣ್ಣ ಗುಂಡಿಗಳಲ್ಲೂ ಫೋರ್ಕು ಗಟ್ಟಿ ಎನಿಸುತ್ತದೆ. ಕೊನೆಗೆ ಸೆನ್ಸರ್ ಅಂತರ ಮತ್ತೆ ಅಳೆಯಿರಿ.

ಫೋರ್ಕು ಬದಲಿಸಿದರೆ ಎರಡೂ ಕಾಲು ಒಂದೇ ಗಾಡಿಯದಿರಲಿ. ಹಿಮಾಲಯನ್ ಫೋರ್ಕು ಮೇಲೆ ಕೆಳಗೆ ಚಲಿಸುವ ದೂರ 200 ಮಿ.ಮೀ., ಸ್ಕ್ರಾಮ್‌ನದು 190. ಹೆಡ್‌ಲ್ಯಾಂಪ್ ಬದಲಿಸುವ ಆಲೋಚನೆ ಬೇಡ, ಹಿಮಾಲಯನ್‌ನದು ಫ್ರೇಮಿಗೆ ಕೂತಿದ್ದರೆ ಸ್ಕ್ರಾಮ್‌ನದು ಹ್ಯಾಂಡಲ್ ಜೊತೆ ತಿರುಗುತ್ತದೆ.

ಟ್ಯಾಂಕು ಹೊರಗಿನಿಂದ ಒಂದೇ ಆಕಾರ, 15 ಲೀಟರ್. ಇಲ್ಲೇ ಜನ ಮೋಸ ಹೋಗುವುದು. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗೆ ಪಂಪು ಕೂರಬೇಕು, 2016ರ ಟ್ಯಾಂಕಿನಲ್ಲಿ ಅದಕ್ಕೆ ಜಾಗವಿಲ್ಲ. ಇಂಜೆಕ್ಷನ್ ಗಾಡಿಗಳ ನಡುವೆ ಬದಲಿಸಿದರೆ ಪಂಪಿನ ಸೀಲ್ ಹೊಸದು ಹಾಕಿ. ಇಂಧನದ ಆವಿ ಹೋಗುವ ಸಣ್ಣ ಪೈಪನ್ನು ಸುಮ್ಮನೆ ಮುಚ್ಚಬೇಡಿ. ಟ್ಯಾಂಕಿಗೆ ಗಾಳಿ ಬರದೆ ಒಳಗೆ ಎಳೆತ ಹುಟ್ಟಿ, ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ಮುಕ್ಕರಿಸಿ ನಿಲ್ಲಬಹುದು. ಮುಚ್ಚಳ ತೆರೆದಾಗ ಉಸ್ ಎಂದು ಗಾಳಿ ಎಳೆದುಕೊಂಡರೆ ಕಾರಣ ಇದೇ.

ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿನ ವಿಷಯವೂ ಹಾಗೆಯೇ. ಬಿಎಸ್3 ಪೈಪಿನಲ್ಲಿ ಆಕ್ಸಿಜನ್ ಸೆನ್ಸರಿಗೆ ಜಾಗವಿಲ್ಲ. ಅದನ್ನು ಇಂಜೆಕ್ಷನ್ ಗಾಡಿಗೆ ಹಾಕಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕುರುಡಾಗಿ ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಲ್ಯಾಂಪ್ ಹತ್ತುತ್ತದೆ, ಮೈಲೇಜ್ ಇಳಿಯುತ್ತದೆ.

ಎಂಜಿನ್ ಒಳಭಾಗ ಎಲ್ಲದರಲ್ಲೂ 78 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). ಆದರೂ ಪಿಸ್ಟನ್, ಕ್ಯಾಮ್‌ಗಳನ್ನು ಅಳತೆ ನೋಡಿ ಕೊಳ್ಳಬೇಡಿ, ಪಾರ್ಟ್ ನಂಬರ್ ನೋಡಿ. ಪೂರ್ತಿ ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು. ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿದ ಮೇಲೆಯೇ ದುಡ್ಡು ಕೊಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ ಬಳಸಿದ ಎಂಜಿನ್ ಕೊಂಡರೆ ಬಿಲ್ಲು ಬೇಕೇ ಬೇಕು. ನಂಬರ್ ಉಜ್ಜಿರುವ ಕೇಸಿಂಗ್ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಕೀ ತಿರುಗಿಸಿದಾಗ ಹತ್ತುವ ಎಬಿಎಸ್ ದೀಪ ಗಾಡಿ ಸ್ವಲ್ಪ ವೇಗ ಹಿಡಿದ ಕೂಡಲೇ ಆರಬೇಕು. ಆರದಿದ್ದರೆ ಮೊದಲು ನೋಡಬೇಕಾದ್ದು ಸೆನ್ಸರ್ ಅಂತರ, ಆಮೇಲೆ ಕನೆಕ್ಟರ್. ನೂರು ಕಿಲೋಮೀಟರ್ ಓಡಿದ ಮೇಲೆ ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿ. ಚಕ್ರದ ಕಡ್ಡಿಗಳನ್ನು (ಸ್ಪೋಕ್) ಸ್ಪ್ಯಾನರಿನಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ. ಬಿಗಿಯಾದದ್ದು ಟಿಂಗ್ ಎನ್ನುತ್ತದೆ, ಸಡಿಲಾದದ್ದು ಟಪ್ ಎನ್ನುತ್ತದೆ.