ಮರೆಗೆ ಸರಿದ ಉಕ್ರೇನಿಯನ್ ಯುದ್ಧಕಥೆಗಳು: ಎಲ್ಲಿಂದ ಶುರು, ಯಾವ ಮುದ್ರಣ

ದಪ್ಪ ಐತಿಹಾಸಿಕ ಕಾದಂಬರಿಗೆ ಮೊದಲೇ ಕೈಹಾಕಬೇಡಿ. ಪಾಂತೆಲೆಯ್ಮೊನ್ ಕುಲೀಶ್‌ನ 'ಕಪ್ಪು ಸಭೆ' (1857) ಉಕ್ರೇನಿಯನ್ ಭಾಷೆಯ ಮೊದಲ ಐತಿಹಾಸಿಕ ಕಾದಂಬರಿ ನಿಜ. ಆದರೆ 1663ರಲ್ಲಿ ಕೊಸಾಕರೆಂಬ ಉಕ್ರೇನಿನ ಯೋಧ ಸಮುದಾಯದೊಳಗೆ ನಡೆದ ಜಗಳದ ಪರಿಚಯವಿಲ್ಲದವರಿಗೆ ಯಾರು ಯಾರ ಕಡೆ ಎಂಬುದೇ ತಿಳಿಯದೆ ಓದು ನಿಂತುಹೋಗುತ್ತದೆ.

ವಸಿಲ್ ಸ್ಟೆಫಾನಿಕ್‌ನ 'ಗಂಡುಮಕ್ಕಳು' (1922) ಮೊದಲು ಓದಿ. ಇರುವುದು ಕೆಲವೇ ಪುಟ. ಮುದುಕ ಮಾಕ್ಸಿಮ್ ಕುದುರೆ ಕಟ್ಟಿ ಹಲುಬೆ ಹೊಡೆಯುತ್ತಿದ್ದಾನೆ. ಕಾಲಿಗೆ ಸಿಬಿರು ಚುಚ್ಚಿದೆ, ಮೇಲೆ ಹಾಡುವ ಬಾನಾಡಿಗೂ ಬೈಗುಳ. ಇದ್ದ ಇಬ್ಬರು ಮಕ್ಕಳನ್ನೂ ಉಕ್ರೇನಿಗಾಗಿ ಯುದ್ಧಕ್ಕೆ ಕಳಿಸಿದವನು ಅವನು. ಎರಡನೇ ಓದಿನಲ್ಲಿ ಅವನು ಯಾರೊಂದಿಗೆ ಮಾತಾಡುತ್ತಾನೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ: ಕುದುರೆ, ಹಕ್ಕಿ, ಕೊನೆಗೆ ದೇವಮಾತೆ, ಅಂದರೆ ಯೇಸುವಿನ ತಾಯಿ ಮರಿಯ. ನೀನು ಕೊಟ್ಟದ್ದು ಒಬ್ಬ ಮಗನನ್ನು, ನಾನು ಇಬ್ಬರನ್ನು ಎಂದು ಅವಳೆದುರೇ ಲೆಕ್ಕ ಹೇಳುವ ಆ ಸಾಲಿಗೆ ಬಂದಾಗ, ಹಿಂದಿನ ಬೈಗುಳವೆಲ್ಲ ಅಳುವೇ ಆಗಿತ್ತು ಎಂದು ಗೊತ್ತಾಗುತ್ತದೆ.

ಆಮೇಲೆ ಯೂರಿ ಯನೋವ್‌ಸ್ಕಿಯ 'ಸವಾರರು' (1935) ತೆಗೆದುಕೊಳ್ಳಿ, 'ಜೋಡಿ ವೃತ್ತ' ಅಧ್ಯಾಯ ಸಾಕು. 1919ರ ಅಂತರ್ಯುದ್ಧ, ಹುಲ್ಲುಗಾವಲು, ಪೊಲೊವೆತ್ಸ್ ಮನೆಯ ಅಣ್ಣತಮ್ಮಂದಿರು ಪೆತ್ಲ್ಯುರಾನ ಉಕ್ರೇನಿಯನ್ ರಾಷ್ಟ್ರೀಯ ಪಡೆ, ದೆನೀಕಿನ್‌ನ ಕ್ರಾಂತಿವಿರೋಧಿ ಬಿಳಿ ಪಡೆ, ಮಖ್ನೋನ ಅರಾಜಕತಾವಾದಿ ಪಡೆ, ಕಮ್ಯುನಿಸ್ಟರ ಬೊಲ್ಶೆವಿಕ್ ಪಡೆಗಳಲ್ಲಿ ಹಂಚಿಹೋಗಿದ್ದಾರೆ. ಒಡಹುಟ್ಟಿದವರು ಒಂದಾಗಿದ್ದರೆ ವಂಶ ಅಳಿಯದು ಎಂಬ ಅಪ್ಪನ ಮಾತು ಮತ್ತೆಮತ್ತೆ ಬರುತ್ತದೆ. ಪ್ರತಿ ಸಲ ಅದು ಯಾರ ಬಾಯಲ್ಲಿದೆ, ಆಗ ಕತ್ತಿ ಯಾರ ಕೈಲಿದೆ ಎಂದು ನೋಡಿ. ಗೆಲುವು ಬೊಲ್ಶೆವಿಕ್ ತಮ್ಮನ ಕಡೆ ವಾಲುವುದು ಆ ಕಾಲದ ಒತ್ತಡ. ಅದಕ್ಕಾಗಿ ಪುಸ್ತಕ ಬದಿಗಿಡಬೇಡಿ, ಸಂಕಟ ಅಡಗಿರುವುದು ಬೇರೆ ಸಾಲುಗಳಲ್ಲಿ.

ಒಸಿಪ್ ತುರಿಯಾನ್‌ಸ್ಕಿಯ 'ನೋವಿನಾಚೆ' (1921) ಮೊದಲ ಮಹಾಯುದ್ಧದಲ್ಲಿ ಅಲ್ಬೇನಿಯದ ಹಿಮದಲ್ಲಿ ಸಿಕ್ಕಿಬಿದ್ದ ಏಳು ಯುದ್ಧಕೈದಿಗಳ ಕಥೆ. 'ಲಾಸ್ಟ್ ಶ್ಯಾಡೋಸ್' ಎಂದು 1935ರಲ್ಲೇ ಇಂಗ್ಲಿಷಿಗೆ ಬಂದಿದೆ.

ಬಹಳ ಜನ ಎಡವುವುದು ಮುದ್ರಣದ ವರ್ಷದಲ್ಲಿ. ಶೀರ್ಷಿಕೆ ಒಂದೇ ಆದರೂ ಒಳಗಿನ ಪಠ್ಯ ಬೇರೆ ಇರಬಹುದು. ಒಲೆಕ್ಸಾಂಡರ್ ದೊವ್‌ಜೆಂಕೊನ 'ಬೆಂಕಿಯಲ್ಲಿ ಉಕ್ರೇನ್' 1943ರ ಬರಹ. 1944ರ ಜನವರಿಯಲ್ಲಿ ಸ್ಟಾಲಿನ್ ಅದನ್ನು ಖಂಡಿಸಿದ, ಮುಂದೆ ಸೋವಿಯತ್ ಮುದ್ರಣಕ್ಕೆ ಬಂದಾಗಲೂ ಕತ್ತರಿ ಬಿತ್ತು. ಹಾಗಾಗಿ 1990ರಿಂದೀಚಿನದನ್ನೇ ಹುಡುಕಿ. ಮಿಕೋಲಾ ಖ್ವಿಲೊವಿಯ 'ನಾನು (ರೊಮ್ಯಾನ್ಸ್)' (1924) ಕ್ರಾಂತಿಯ ಹೆಸರಿನಲ್ಲಿ ಹೆತ್ತ ತಾಯಿಯನ್ನೇ ಗುಂಡಿಕ್ಕುವವನ ಕಥೆ. ಇದಕ್ಕೆ 1933ಕ್ಕಿಂತ ಹಿಂದಿನ, ಇಲ್ಲವೇ ವಲಸಿಗ ಉಕ್ರೇನಿಯನ್ನರು ಹೊರದೇಶದಲ್ಲಿ ಅಚ್ಚುಹಾಕಿದ ಪ್ರತಿ ನಂಬಿಕೆಗೆ ಅರ್ಹ.

ಕ್ಯಾಟಲಾಗಿನಲ್ಲಿ ರೋಮನ್ ಲಿಪಿಯ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಕೃತಿಯ ಮೂಲ ಹೆಸರನ್ನು ಉಕ್ರೇನಿಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲೇ ಅಂಟಿಸಿ ಹುಡುಕಿ. ಕೊಂಡಿ ಇರುವ 'ಗ' ಅಕ್ಷರವನ್ನು (ґ) 1933ರಲ್ಲಿ ವರ್ಣಮಾಲೆಯಿಂದ ತೆಗೆದುಹಾಕಿ 1990ರಲ್ಲಿ ಮರಳಿ ಸೇರಿಸಿದರು. ಆ ಅಕ್ಷರವಿರುವ ಪದವನ್ನು ಎರಡೂ ರೂಪದಲ್ಲಿ (ґ, г) ಹಾಕಿ ನೋಡಬೇಕು. ಯಂತ್ರಾನುವಾದಕ್ಕೆ ಸ್ಟೆಫಾನಿಕ್ ಬಳಸುವ, ಪಶ್ಚಿಮ ಉಕ್ರೇನಿನ ಪೊಕುತ್ಯಾ ಪ್ರದೇಶದ ಆಡುನುಡಿ ದಕ್ಕುವುದಿಲ್ಲ. 'ಗಜ್ದಾ' ಎಂದು ಬಂದರೆ ಅದು ವ್ಯಕ್ತಿಯ ಹೆಸರಲ್ಲ, ಸ್ವಂತ ಹೊಲಮನೆಯಿರುವ ರೈತ.