ಲಾಗಿಂಗ್ ರಸ್ತೆಯಲ್ಲಿ ಸೈಕಲ್, ಆಮೇಲೆ ಕಾಲ್ನಡಿಗೆ: ಕ್ಯಾಸ್ಕೇಡ್ಸ್‌ನ ದೂರದ ಶಿಖರಗಳನ್ನು ಒಂದೇ ದಿನದಲ್ಲಿ ಮುಗಿಸುವ ಬಗೆ

ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ಸ್ ಬೆಟ್ಟಸಾಲಿನಲ್ಲಿ ಜನ ಅಷ್ಟಾಗಿ ಹೋಗದ ಶಿಖರಗಳು ಬೇಕಾದಷ್ಟಿವೆ. ಅವೆಲ್ಲ ಹತ್ತಲು ಕಷ್ಟದವು ಎಂದೇನಿಲ್ಲ. ಕಡಿದ ಮರ ಸಾಗಿಸಲೆಂದು ಬುಡದವರೆಗೆ ಮಾಡಿದ ಹಳೆಯ ಲಾಗಿಂಗ್ ರಸ್ತೆಗೆ ಎಲ್ಲೋ ಗೇಟು ಬಿದ್ದಿರುತ್ತದೆ, ಇಲ್ಲವೇ ಚಳಿಗಾಲದ ಪ್ರವಾಹಕ್ಕೆ ರಸ್ತೆಯೇ ಕೊಚ್ಚಿಹೋಗಿರುತ್ತದೆ. ಹತ್ತು ಹನ್ನೆರಡು ಕಿ.ಮೀ. ಜಲ್ಲಿ ತುಳಿದು, ಸಾವಿರ ಮೀಟರ್ ಹತ್ತಿಳಿದು, ಸಂಜೆ ಮತ್ತೆ ಅದೇ ಜಲ್ಲಿ ತುಳಿಯುವುದೆಂದರೆ ಯಾರಿಗಾದರೂ ಬೇಸರವೇ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇದ್ದು ವಾರಾಂತ್ಯದ ಜನಜಂಗುಳಿಯ ಟ್ರೇಲ್‌ಗಳು ಸಾಕಾಗಿದ್ದರೆ, ಮನೆಯಲ್ಲಿರುವ ಮೌಂಟನ್ ಸೈಕಲ್ಲೇ ಇದಕ್ಕೆ ದಾರಿ.

ಮೊದಲು ಲೆಕ್ಕ. ಹನ್ನೆರಡು ಕಿ.ಮೀ. ರಸ್ತೆ, ಐನೂರು ಮೀಟರ್ ಏರು ಎಂದಿಟ್ಟುಕೊಳ್ಳಿ. ಬೆನ್ನಿಗೆ ಚೀಲ ಹಾಕಿಕೊಂಡು ನಡೆದರೆ ಹೋಗಲು ಮೂರು ಗಂಟೆ, ಬರಲು ಎರಡೂಕಾಲು ಗಂಟೆ. ಸೈಕಲ್ಲಿನಲ್ಲಿ ಹೋಗಲು ಒಂದೂಮುಕ್ಕಾಲು ಗಂಟೆ, ಬರಲು ಮೂವತ್ತೈದು ನಿಮಿಷ. ಉಳಿತಾಯದ ದೊಡ್ಡ ಪಾಲು ಬರುವಾಗಿನದು. ಅದೂ ಕಾಲು ಸೋತು, ನೀರು ಮುಗಿದು, ಬೆಳಕು ಇಳಿಯುವ ಹೊತ್ತಿನಲ್ಲಿ. ಆದ್ದರಿಂದ ಸೈಕಲ್ ಹೇಗಿರಬೇಕು, ಎಲ್ಲಿ ಬಿಡಬೇಕು, ಎಷ್ಟು ಹೊತ್ತಿಗೆ ಶಿಖರದಿಂದ ತಿರುಗಬೇಕು ಎಂಬುದನ್ನೆಲ್ಲ ಇಳಿಜಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಿಸಿ. ಹತ್ತುವಾಗ ಅರ್ಧ ದಾರಿ ತಳ್ಳಿದರೂ ನಷ್ಟವಿಲ್ಲ.

ಸೈಕಲ್ ಬೇಡವೇ ಬೇಡ ಎನ್ನುವ ರಸ್ತೆಗಳೂ ಇವೆ. ನಾಲ್ಕು ಕಿ.ಮೀ.ಗಿಂತ ಕಡಿಮೆ ಇದ್ದರೆ ಸೈಕಲ್ ಇಳಿಸಿ, ಏರಿಸಿ, ಬೀಗ ಹಾಕುವುದರಲ್ಲೇ ಉಳಿಸಿದ ಸಮಯ ಹೋಗುತ್ತದೆ. ಏರು ಶೇ. 12 ದಾಟಿದರೆ ಬಹುಮಂದಿ ಇಡೀ ದಾರಿ ತಳ್ಳುತ್ತಾರೆ. ರಸ್ತೆಯ ಮೇಲೆ ಆಲ್ಡರ್ ಗಿಡ ಬೆಳೆದು ಕಾಡಾಗಿದ್ದರೆ ಸೈಕಲ್ ಬರೀ ಹೊರೆ. ಕೆದಕಿದ ಮಣ್ಣು ಸಿಕ್ಕಲ್ಲಿ ಕೆಂಪು ಆಲ್ಡರ್ ಎಲ್ಲಕ್ಕಿಂತ ಮೊದಲು ಹುಟ್ಟುತ್ತದೆ. ಹತ್ತು ವರ್ಷ ಓಡಾಟ ನಿಂತ ರಸ್ತೆಯಲ್ಲಿ ಮನುಷ್ಯ ತೂರಲೂ ಜಾಗ ಬಿಡುವುದಿಲ್ಲ.

ಯಾರ ಜಾಗ, ಏನು ನಿಯಮ

ಕರ್ನಾಟಕದ ಮೀಸಲು ಅರಣ್ಯದಲ್ಲಿ ಗೇಟು ಕಂಡರೆ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಆ ಅಭ್ಯಾಸದಲ್ಲಿ ಇಲ್ಲಿಯೂ ಗೇಟು ನೋಡಿ ವಾಪಸಾಗುವವರಿದ್ದಾರೆ. ಅಮೆರಿಕದ ಕೇಂದ್ರ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್ ಜಾಗದಲ್ಲಿ ಗೇಟು ಸಾಮಾನ್ಯವಾಗಿ ಮೋಟಾರು ವಾಹನಕ್ಕೆ ಮಾತ್ರ. ಬೇರೆ ಫಲಕ ಇಲ್ಲದಿದ್ದರೆ ನಡೆದೋ ಸೈಕಲ್ಲಿನಲ್ಲೋ ಹೋಗಬಹುದು. ಖಾಸಗಿ ಮರದ ಕಂಪನಿಗಳ ಜಾಗದಲ್ಲಿ ಮಾತು ಬೇರೆ. ಅಲ್ಲಿ ಹಣ ಕೊಟ್ಟು ಪರ್ಮಿಟ್ ಪಡೆಯಬೇಕಾಗಬಹುದು, ಕೆಲವೆಡೆ ಪ್ರವೇಶವೇ ಇಲ್ಲ. ಒಂದೇ ರಸ್ತೆ ಮೂರು ಮಾಲೀಕರ ಜಾಗ ದಾಟುವುದು ಇಲ್ಲಿ ಮಾಮೂಲು, ಹಾಗಾಗಿ ಭೂಮಾಲೀಕತ್ವ ತೋರಿಸುವ ನಕ್ಷೆಯ ಪದರ ನೋಡದೆ ಹೊರಡಬೇಡಿ.

ಇನ್ನೆರಡು ನಿಯಮಗಳಿಗೆ ವಿನಾಯಿತಿ ಇಲ್ಲ. 1964ರ ವೈಲ್ಡರ್ನೆಸ್ ಕಾಯ್ದೆಯ ಪ್ರಕಾರ ವೈಲ್ಡರ್ನೆಸ್ (ಮನುಷ್ಯನ ಕೈ ಆಡದಂತೆ ಕಾಯ್ದಿಡುವ ಕಾಡು) ಎಂದು ಘೋಷಿಸಿದ ಜಾಗಕ್ಕೆ ಸೈಕಲ್ ಒಯ್ಯುವಂತಿಲ್ಲ, ತಳ್ಳಿಕೊಂಡು ಹೋಗುವುದೂ ಸಲ್ಲದು. ಗಡಿಯ ಈಚೆಗೇ ಬಿಡಬೇಕು. ಎರಡನೆಯದು ಎಲೆಕ್ಟ್ರಿಕ್ ಸೈಕಲ್. ಫಾರೆಸ್ಟ್ ಸರ್ವಿಸ್ ಅದನ್ನು ಮೋಟಾರು ವಾಹನವೆಂದೇ ಎಣಿಸುತ್ತದೆ. ಕಾರಿಗೆ ಮುಚ್ಚಿದ ಗೇಟು ಅದಕ್ಕೂ ಮುಚ್ಚಿದಂತೆಯೇ.

ನಕ್ಷೆಯ ಮುಂದೆ ಒಂದು ಸಂಜೆ

ಫಾರೆಸ್ಟ್ ಸರ್ವಿಸ್ ರಸ್ತೆಗಳ ಸಂಖ್ಯೆಯಲ್ಲೇ ಅರ್ಧ ಮಾಹಿತಿ ಇರುತ್ತದೆ. ಎರಡಂಕಿಯದು ಮುಖ್ಯ ರಸ್ತೆ, ನಾಲ್ಕಂಕಿಯದು ಅದರ ಕವಲು, ಅದರ ಮುಂದೆ ಇನ್ನೂ ಮೂರಂಕಿ ಇದ್ದರೆ ಮರ ಕಡಿದ ಜಾಗದಲ್ಲಿ ಕೊನೆಯಾಗುವ ತುಂಡು ದಾರಿ. ರಸ್ತೆಬದಿಯ ಫಲಕದಲ್ಲಿ ಅಂಕಿಗಳು ಅಡ್ಡಕ್ಕೆ ಬರೆದಿದ್ದರೆ ಸಾಮಾನ್ಯ ಕಾರು ಹೋಗುತ್ತದೆ. ಒಂದರ ಕೆಳಗೊಂದು ಬರೆದಿದ್ದರೆ ಎತ್ತರದ ವಾಹನ ಬೇಕು. ಇಲಾಖೆ ಉಚಿತವಾಗಿ ಕೊಡುವ ಮೋಟಾರು ವಾಹನ ಬಳಕೆಯ ನಕ್ಷೆಯಲ್ಲಿ ವಾಹನಕ್ಕೆ ತೆರೆದ ರಸ್ತೆಗಳಷ್ಟೇ ಇರುತ್ತವೆ. ಹಳೆಯ ನಕ್ಷೆಯಲ್ಲಿದ್ದು ಇದರಲ್ಲಿ ಇಲ್ಲದ ರಸ್ತೆಯೇ ನಾವು ಹುಡುಕುವ ಸೈಕಲ್ ರಸ್ತೆ.

ಆ ರಸ್ತೆ ಈಗಲೂ ಇದೆಯೇ? ಕ್ಯಾಲ್‌ಟೊಪೊ ಎಂಬ ನಕ್ಷೆಯ ಜಾಲತಾಣದಲ್ಲಿ ಲೈಡಾರ್ (ಲೇಸರ್‌ನಿಂದ ನೆಲ ಅಳೆಯುವ ವಿಧಾನ) ನೆರಳಿನ ಪದರ ಹಾಕಿ ನೋಡಿ. ಮರಗಳನ್ನು ತೆಗೆದು ಬರೀ ನೆಲ ತೋರಿಸುವ ಚಿತ್ರ ಅದು. ಬೆಟ್ಟದ ಮೈಮೇಲೆ ರಸ್ತೆ ಕತ್ತರಿಸಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹಳ್ಳ ದಾಟುವಲ್ಲಿ ಗೆರೆ ತುಂಡಾಗಿದ್ದರೆ ಮೋರಿ ಕಿತ್ತಿದ್ದಾರೆ ಎಂದರ್ಥ. ಅದರ ಮೇಲೆ ಇತ್ತೀಚಿನ ಉಪಗ್ರಹ ಚಿತ್ರ ಇಡಿ. ರಸ್ತೆಯ ಬೂದು ಬಣ್ಣ ಕಂಡರೆ ಸೈಕಲ್ ಹೋಗುತ್ತದೆ. ಗೆರೆ ಇದ್ದು ಮೇಲೆಲ್ಲ ಎಳೆ ಹಸಿರು ತುಂಬಿದ್ದರೆ ಆಲ್ಡರ್. ನಕ್ಷೆಗಳನ್ನು ಫೋನಿಗೆ ಇಳಿಸಿಕೊಳ್ಳುವುದನ್ನು ಮನೆಯಲ್ಲೇ ಮುಗಿಸಿ. ಕಣಿವೆ ಹೊಕ್ಕ ಮೇಲೆ ಸಿಗ್ನಲ್ ಇರುವುದಿಲ್ಲ.

ಸೈಕಲ್

ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮಾಮೂಲು ಮೌಂಟನ್ ಸೈಕಲ್ ಸಾಕು. ಟಯರ್ 2.2ರಿಂದ 2.4 ಇಂಚು, ಟ್ಯೂಬ್‌ಲೆಸ್ ಆದರೆ ಗಾಳಿ 22ರಿಂದ 26 ಪಿಎಸ್‌ಐ. ಹೊಸದಾಗಿ ಜಲ್ಲಿ ಸುರಿದ ರಸ್ತೆಯಲ್ಲಿ ಮುಷ್ಟಿ ಗಾತ್ರದ ಚೂಪು ಕಲ್ಲುಗಳಿರುತ್ತವೆ. ಗಾಳಿ ಹೆಚ್ಚಿದ್ದರೆ ಸೈಕಲ್ ಕುಣಿಯುತ್ತದೆ, ತೀರಾ ಕಡಿಮೆಯಾದರೆ ರಿಮ್ಮು ಕಲ್ಲಿಗೆ ಬಡಿಯುತ್ತದೆ. ಗೇರು ಎಷ್ಟು ಹಗುರವೋ ಅಷ್ಟು ಒಳ್ಳೆಯದು: ಮುಂದೆ 30 ಅಥವಾ 32 ಹಲ್ಲು, ಹಿಂದೆ 50. ಪೆಡಲ್ ಚಪ್ಪಟೆಯದೇ ಇರಲಿ, ನಡೆಯುವ ಶೂನಲ್ಲೇ ತುಳಿಯಬಹುದು. ಕ್ಲಿಪ್ ಪೆಡಲ್ ಎಂದರೆ ಎರಡನೇ ಜೊತೆ ಶೂ ಹೊರಬೇಕು.

ನೀರು, ಬೀಗ, ಉಪಕರಣಗಳಂತಹ ಭಾರ ಫ್ರೇಮಿನ ಚೀಲಕ್ಕೆ ಹೋಗಲಿ. ಹಿಮದ ಮೇಲೆ ನಡೆಯಲು ಬಳಸುವ ಐಸ್ ಆಕ್ಸ್ ಇದ್ದರೆ ಮೊನೆಗಳಿಗೆ ಟೋಪಿ ಹಾಕಿ, ಫ್ರೇಮಿನ ಮೇಲಿನ ಕೊಳವೆಗೆ ಉದ್ದಕ್ಕೆ ಕಟ್ಟಿ. ಬೆನ್ನಿಗೆ ಸಿಕ್ಕಿಸಿಕೊಂಡು ಬಿದ್ದರೆ ಅದು ಎಲ್ಲಿಗೆ ಚುಚ್ಚೀತೆಂದು ಹೇಳಲಾಗದು.

ಇಂಥ ರಸ್ತೆಯಲ್ಲಿ ನಿಜವಾಗಿ ಕೈಕೊಡುವುದು ಪಂಕ್ಚರ್‌ಗಿಂತ ಹೆಚ್ಚಾಗಿ ಡಿರೇಲರ್, ಅಂದರೆ ಚೈನನ್ನು ಸರಿಸಿ ಗೇರು ಬದಲಿಸುವ ಭಾಗ. ಬಿದ್ದ ಆಲ್ಡರ್ ಕಡ್ಡಿಯೊಂದು ಹಿಂದಿನ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ ಸುತ್ತುತ್ತದೆ, ಡಿರೇಲರನ್ನು ಎಳೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಕಡ್ಡಿ ಕಡಕಡ ಎಂದ ಕ್ಷಣ ಪೆಡಲ್ ನಿಲ್ಲಿಸಿ, ಇಳಿದು ಕೈಯಿಂದ ತೆಗೆಯಿರಿ. ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದು ಜೊತೆಗಿರಲಿ, ಒಂದೊಂದು ಮಾದರಿಗೆ ಒಂದೊಂದು ಆಕಾರ. ಜೊತೆಗೆ ಟ್ಯೂಬ್ ಎರಡು, ಪಂಪು, ಟಯರ್ ಲಿವರ್, ಚೈನ್ ಬಿಚ್ಚುವ ಮಲ್ಟಿಟೂಲ್, ತುಂಡಾದ ಚೈನು ಜೋಡಿಸುವ ಕ್ವಿಕ್ ಲಿಂಕ್. ಡಿರೇಲರ್ ಪೂರ್ತಿ ಹೋದರೂ ಇಳಿಜಾರಿಗೆ ಚೈನು ಬೇಕಾಗಿಲ್ಲ. ಚೈನು ಬಿಚ್ಚಿ ಚೀಲಕ್ಕೆ ಹಾಕಿ ಉರುಳಿಕೊಂಡು ಬನ್ನಿ.

ಬ್ರೇಕ್ ಪ್ಯಾಡ್ ಹಿಂದಿನ ರಾತ್ರಿಯೇ ನೋಡಿ. ಒಂದೂವರೆ ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಿಸಿ. ಮಳೆ, ಮರಳು ಸೇರಿದಾಗ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ, ಲೋಹ ಬೆರೆಸಿದ್ದು ತಾಳುತ್ತದೆ.

ರಸ್ತೆಯ ಮೇಲೆ

ಕೆಲಸ ನಡೆಯುತ್ತಿರುವ ಲಾಗಿಂಗ್ ರಸ್ತೆಯಾದರೆ ಶನಿವಾರ, ಭಾನುವಾರ ಹೋಗಿ. ದಿಮ್ಮಿ ಹೇರಿಕೊಂಡು ಇಳಿಯುವ ಲಾರಿ ಥಟ್ಟನೆ ನಿಲ್ಲುವುದಿಲ್ಲ. ತಿರುವಿನಲ್ಲಿ ಒಳಬದಿ, ಹೊರಬದಿ ಎಂದು ನೋಡದೆ ಇಡೀ ರಸ್ತೆ ಬಳಸುತ್ತದೆ. ದೂಳು ಎದ್ದಿದ್ದು ಕಂಡರೆ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿ. ಬೇಸಿಗೆಯ ಕೊನೆಯಲ್ಲಿ ಕಾಳ್ಗಿಚ್ಚಿನ ನಿರ್ಬಂಧ ಬಂದಾಗ ಮಧ್ಯಾಹ್ನದ ಮೇಲೆ ಹಲವು ಬಗೆಯ ಕೆಲಸ ನಿಲ್ಲಿಸುತ್ತಾರೆ. ಹಾಗಾಗಿ ಅವರು ನಸುಕಿನಲ್ಲೇ ಶುರು ಮಾಡುತ್ತಾರೆ, ನೀವು ಹೊರಡುವ ಹೊತ್ತಿಗೇ. ಗಡಿಯಾಚೆ ಬ್ರಿಟಿಷ್ ಕೊಲಂಬಿಯಾದಲ್ಲಿ ಲಾರಿಗಳು ಕಿ.ಮೀ. ಫಲಕ ನೋಡಿ ರೇಡಿಯೊದಲ್ಲಿ ತಾವಿರುವ ಜಾಗ ಕೂಗುತ್ತವೆ. ಸೈಕಲ್ಲಿನವರು ಆ ಲೆಕ್ಕದಲ್ಲೇ ಇರುವುದಿಲ್ಲ, ಅಲ್ಲಂತೂ ವಾರದ ದಿನ ಬೇಡ.

ಓಡಾಟ ನಿಲ್ಲಿಸಿದ ರಸ್ತೆಯ ಅಪಾಯ ಅಡ್ಡ ಕಾಲುವೆಗಳು. ಮೋರಿ ಕಿತ್ತು, ನೀರು ಹರಿಯಲೆಂದು ರಸ್ತೆಗೆ ಅಡ್ಡಲಾಗಿ ಅರ್ಧದಿಂದ ಒಂದು ಮೀಟರ್ ಆಳ ತೋಡಿರುತ್ತಾರೆ. ಹತ್ತುವಾಗ ಇಳಿದು, ಎತ್ತಿ, ದಾಟಿ ಮರೆತುಬಿಡುತ್ತೀರಿ. ಇಳಿಯುವಾಗ ಗಂಟೆಗೆ 25 ಕಿ.ಮೀ. ವೇಗದಲ್ಲಿ, ಸಂಜೆಯ ನೆರಳಿನಲ್ಲಿ ಅದು ಕಾಣುವುದೇ ಇಲ್ಲ. ಮುಂದಿನ ಚಕ್ರ ಒಳಗಿಳಿದರೆ ಸವಾರ ಹ್ಯಾಂಡಲ್ ದಾಟಿ ಹಾರುತ್ತಾನೆ. ಹತ್ತುವಾಗಲೇ ಪ್ರತಿಯೊಂದನ್ನೂ ಜಿಪಿಎಸ್‌ನಲ್ಲಿ ಗುರುತು ಹಾಕಿ, ಇಳಿಯುವಾಗ ಎಣಿಸುತ್ತ ಬನ್ನಿ. ಕೆಲವು ಕಡೆ ಗೇಟಿನ ಬದಲು ಉಕ್ಕಿನ ಹಗ್ಗ ಕಟ್ಟಿರುತ್ತಾರೆ, ಅದು ಸೈಕಲ್ ಸವಾರನ ಎದೆಮಟ್ಟಕ್ಕಿರುತ್ತದೆ. ಅದನ್ನೂ ಗುರುತು ಹಾಕಿ. ಮರದ ಸೇತುವೆಯ ಹಲಗೆಗಳು ಉದ್ದುದ್ದಕ್ಕೆ ಇದ್ದರೆ ಸಂದಿಗೆ ಚಕ್ರ ಇಳಿಯುತ್ತದೆ. ನಡೆದು ದಾಟಿ.

ಸೈಕಲ್ ಬಿಡುವ ಜಾಗ

ರಸ್ತೆಯಿಂದ ಮೂವತ್ತು ನಲವತ್ತು ಮೀಟರ್ ಒಳಗೆ, ಕಣ್ಣಿಗೆ ಬೀಳದ ಕಡೆ, ಮರಕ್ಕೆ ಕೇಬಲ್ ಬೀಗ ಹಾಕಿ. ಬೀಗ ಅಂಕಿಯದಾಗಿರಲಿ, ಬೀಗದಕೈ ಶಿಖರದ ಕಲ್ಲುಸಂದಿಯಲ್ಲಿ ಬಿದ್ದರೆ ಸಿಕ್ಕುವುದಿಲ್ಲ. ಗುಂಪಿನ ಎಲ್ಲರಿಗೂ ಅಂಕಿ ಗೊತ್ತಿರಲಿ. ಜಾಗವನ್ನು ಎರಡು ಫೋನುಗಳಲ್ಲಿ ಗುರುತು ಮಾಡಿ.

ಕಳ್ಳರಿಗಿಂತ ಉಪ್ಪಿನ ಆಸೆಯ ಪ್ರಾಣಿಗಳ ಕಾಟ ಇಲ್ಲಿ ಹೆಚ್ಚು. ಬೆವರು ಹೀರಿದ ಹ್ಯಾಂಡಲ್ ಹಿಡಿ, ಸೀಟು, ಹೆಲ್ಮೆಟ್ಟಿನ ಪಟ್ಟಿ, ಗ್ಲೌಸು, ಇವನ್ನೆಲ್ಲ ಮುಳ್ಳುಹಂದಿ, ಮಾರ್ಮಟ್ ಎಂಬ ದೊಡ್ಡ ನೆಲಅಳಿಲು, ಇಲಿಗಳು ಕಡಿಯುತ್ತವೆ. ಹಿಡಿಗಳನ್ನು ನೀರಿನಲ್ಲಿ ಒರೆಸಿ. ಹೆಲ್ಮೆಟ್, ಗ್ಲೌಸು ದಾರ ಕಟ್ಟಿ ಕೊಂಬೆಯಿಂದ ನೇತುಹಾಕಿ. ಒಣ ಕಾಲುಚೀಲ, ಒಂದು ಲೀಟರ್ ನೀರು ಅಲ್ಲೇ ಇಡಿ. ತಿಂಡಿ ಮಾತ್ರ ಬಿಡಬೇಡಿ, ಕರಡಿಗೆ ಕರೆಯೋಲೆ.

ಕಾಲ್ನಡಿಗೆ

ರಸ್ತೆ ಮುಗಿದಲ್ಲಿಂದ ನೇರ ಮೇಲಕ್ಕೆ ಹೋಗುವ ಮನಸ್ಸಾಗುತ್ತದೆ. ಸುತ್ತ ಹತ್ತಿಪ್ಪತ್ತು ವರ್ಷದ ನೆಡುತೋಪು ಇದ್ದರೆ ಅದರೊಳಗೆ ನುಗ್ಗದೆ ಸುತ್ತಿಕೊಂಡು ಹೋಗಿ. ದೊಡ್ಡ ಮರಗಳ ಹಳೆಯ ಕಾಡಿನ ಅಂಚು ಸಿಕ್ಕರೆ ನೆಲ ಬಯಲಾಗುತ್ತದೆ. ಹಳ್ಳದ ಕೊರಕಲು ಬಿಟ್ಟು ಬೆಟ್ಟದ ಏಣು ಹಿಡಿಯಿರಿ. ಹಿಮ ಜಾರುವ ಕೊರಕಲುಗಳಲ್ಲಿ ಬೆಳೆಯುವ ಸ್ಲೈಡ್ ಆಲ್ಡರ್ ಕೆಳಮುಖವಾಗಿ ಬಾಗಿರುತ್ತದೆ, ಹತ್ತುವವರನ್ನು ತಳ್ಳಿ ಬೀಳಿಸುತ್ತದೆ. ಗಂಟೆಗೆ ಮುನ್ನೂರು ಮೀಟರ್ ದಾಟುವುದೂ ಕಷ್ಟ. ಒದ್ದೆ ನೆಲದಲ್ಲಿ ಡೆವಿಲ್ಸ್ ಕ್ಲಬ್ ಎಂಬ ಅಗಲ ಎಲೆಯ ಗಿಡ, ಕಾಂಡದ ತುಂಬ ಮುಳ್ಳು. ಜಾರಿದಾಗ ಕೈ ತಾನಾಗಿ ಹಿಡಿಯುವುದು ಅದನ್ನೇ. ದಪ್ಪ ಗ್ಲೌಸು ಹಾಕಿ.

ಹಿಮ ಕರಗಿದ ನೀರಿನ ತೊರೆಗಳು ಬೆಳಿಗ್ಗೆ ತಗ್ಗಿ, ಮಧ್ಯಾಹ್ನದ ಮೇಲೆ ಏರುತ್ತವೆ. ಬೆಳಿಗ್ಗೆ ಮೊಣಕಾಲವರೆಗೆ ಬಂದ ತೊರೆ ಸಂಜೆ ದಾಟಲಾಗದಂತಿರಬಹುದು.

ಕೂಗರ್

ಕೂಗರ್ ಎಂದರೆ ಪ್ಯೂಮಾ ಎಂದೂ ಕರೆಯುವ ದೊಡ್ಡ ಕಾಡುಬೆಕ್ಕು. ಅದರ ದಾಳಿ ಅಪರೂಪ, ಆದರೆ ತಿಳಿದಿರಬೇಕು. 2018ರ ಮೇ ತಿಂಗಳಲ್ಲಿ ನಾರ್ತ್ ಬೆಂಡ್ ಬಳಿಯ ಲಾಗಿಂಗ್ ರಸ್ತೆಯಲ್ಲಿ ಕೂಗರ್ ದಾಳಿಗೆ ಸೈಕಲ್ ಸವಾರರೊಬ್ಬರು ಸತ್ತರು. 2024ರ ಫೆಬ್ರವರಿಯಲ್ಲಿ ಫಾಲ್ ಸಿಟಿ ಬಳಿ ಐವರು ಮಹಿಳಾ ಸವಾರರಲ್ಲಿ ಒಬ್ಬರ ಮೇಲೆ ಇನ್ನೊಂದು ಕೂಗರ್ ಎರಗಿದಾಗ ಉಳಿದವರು ಓಡದೆ ಕಲ್ಲು, ಕೋಲು ಹಿಡಿದು ಹೋರಾಡಿ, ಕೊನೆಗೆ ಸೈಕಲ್ಲಿನಡಿ ಅದನ್ನು ಒತ್ತಿಹಿಡಿದು ಆಕೆಯನ್ನು ಉಳಿಸಿದರು. ಬೆನ್ನು ತೋರಿಸಬೇಡಿ, ಸೈಕಲ್ ತುಳಿದು ತಪ್ಪಿಸಿಕೊಳ್ಳಲೂ ನೋಡಬೇಡಿ. ಸೈಕಲ್ಲನ್ನು ನಡುವೆ ಹಿಡಿದು ಗುಂಪಾಗಿ ನಿಂತು ಕಿರುಚಿ. ಪ್ರಾಣಿಯ ಮುಖಕ್ಕೆ ಹೊಡೆಯುವ ಖಾರದ ಬೇರ್ ಸ್ಪ್ರೇ ಕೈಗೆ ಸಿಗುವಲ್ಲಿರಲಿ, ಚೀಲದ ತಳದಲ್ಲಲ್ಲ.

ಒಂದು ಮಾದರಿ: ಬಿಗ್ ಸ್ನೋ

ನಾರ್ತ್ ಬೆಂಡ್‌ನಿಂದ ಮಿಡ್ಲ್ ಫೋರ್ಕ್ ಸ್ನೊಕ್ವಾಲ್ಮಿ ಕಣಿವೆಯೊಳಗೆ ಹೋದರೆ ಡಾಂಬರು ಮುಗಿದ ಮೇಲೆ ಗುಂಡಿಗಳ ರಸ್ತೆ, ಕೊನೆಗೆ ಡಿಂಗ್‌ಫೋರ್ಡ್ ಕ್ರೀಕ್ ಗೇಟು. ಅಲ್ಲಿಂದಾಚೆ 5620 ಸಂಖ್ಯೆಯ ರಸ್ತೆ ಸುಮಾರು 7 ಮೈಲಿ, ಅಂದರೆ 11 ಕಿ.ಮೀ. ಅದರ ಕೊನೆಯ ಭಾಗದಿಂದ ಹಾರ್ಡ್‌ಸ್ಕ್ರಾಬಲ್ ಸರೋವರಗಳ ಕಡೆಗೆ ಕಾಲುದಾರಿ, ಆಮೇಲೆ ಬಂಡೆಗಳ ಮೇಲೆ 2,036 ಮೀಟರ್‌ನ ಬಿಗ್ ಸ್ನೋ ಮೌಂಟನ್. ರಸ್ತೆ ಬಿಟ್ಟ ಮೇಲೆ ಆಲ್ಪೈನ್ ಲೇಕ್ಸ್ ವೈಲ್ಡರ್ನೆಸ್, ಸೈಕಲ್ ರಸ್ತೆ ಬದಿಗೇ ಉಳಿಯಬೇಕು. ದಾರಿಯಲ್ಲಿ ಸಿಗುವ ಗೋಲ್ಡ್‌ಮೈಯರ್ ಬಿಸಿನೀರಿನ ಬುಗ್ಗೆ ಖಾಸಗಿ ಜಾಗ, ಮೊದಲೇ ಕಾಯ್ದಿರಿಸದೆ ಹೋಗುವಂತಿಲ್ಲ.

ಜುಲೈ ಕೊನೆಯಲ್ಲಿ ಬೆಳಿಗ್ಗೆ 6ಕ್ಕೆ ಗೇಟು ಬಿಟ್ಟರೆ 8ರೊಳಗೆ ಸೈಕಲ್ಲಿಗೆ ಬೀಗ ಬಿದ್ದಿರಬೇಕು. ಅಲ್ಲಿಂದ ಸಾವಿರದ ನೂರು ಮೀಟರಿನಷ್ಟು ಏರು, ನಾಲ್ಕೂವರೆ ಗಂಟೆ. ಎಲ್ಲಿದ್ದರೂ ಮಧ್ಯಾಹ್ನ 1:30ಕ್ಕೆ ತಿರುಗಿ. ಸಂಜೆ 5ರ ಸುಮಾರಿಗೆ ಸೈಕಲ್ ಹತ್ತಿರ, 6ಕ್ಕೆ ಗೇಟು. ಸೂರ್ಯ ಮುಳುಗುವುದು ಒಂಬತ್ತರ ಹತ್ತಿರ, ಆದರೆ ಆ ಮೂರು ಗಂಟೆ ಶಿಖರಕ್ಕಲ್ಲ, ಮುರಿದ ಹ್ಯಾಂಗರಿಗೂ ತಿರುಚಿದ ಪಾದಕ್ಕೂ ಮೀಸಲು. ಆದರೂ ತಲೆದೀಪ ಒಯ್ಯಿರಿ.

ಮನೆಯಲ್ಲಿ ಬಿಟ್ಟುಹೋಗುವ ಚೀಟಿಯಲ್ಲಿ ಕಾರು ನಿಲ್ಲಿಸಿದ ಜಾಗದ ಜೊತೆಗೆ ಸೈಕಲ್ ಬಿಡುವ ಜಾಗವನ್ನೂ ಬರೆಯಿರಿ. ಈ ರಾಜ್ಯದಲ್ಲಿ ಹುಡುಕಾಟದ ಹೊಣೆ ಆಯಾ ಕೌಂಟಿಯ ಶೆರಿಫ್‌ರದ್ದು, ಹಾಗಾಗಿ ಯಾವ ಕೌಂಟಿ ಎಂದೂ ಬರೆದಿಡಿ. ಹುಡುಕಲು ಬಂದವರಿಗೆ ಸೈಕಲ್ ಅಲ್ಲೇ ಇದ್ದರೆ ನೀವಿನ್ನೂ ಬೆಟ್ಟದ ಮೇಲಿದ್ದೀರಿ ಎಂದು, ಇಲ್ಲದಿದ್ದರೆ ರಸ್ತೆಯ ಮೇಲೆಲ್ಲೋ ಇದ್ದೀರಿ ಎಂದು ಗೊತ್ತಾಗುತ್ತದೆ.