ಎರಡು ದಿನಕ್ಕೆಂದು ಮೈಸೂರಿಗೆ ಬಂದು ವಾರ ಉಳಿಯಬೇಕಾದರೆ

ಹೋದ ವರ್ಷ ಸಾಗರದ ಕಡೆಯಿಂದ ನಮ್ಮ ಚಿಕ್ಕಪ್ಪ ಒಂದು ಕಾಗದಪತ್ರದ ಕೆಲಸಕ್ಕೆ ಮೈಸೂರಿಗೆ ಬಂದರು. ಎರಡು ದಿನದ ಕೆಲಸ ಅಂದುಕೊಂಡಿದ್ದರು. ಸಹಿ ಹಾಕಬೇಕಾದವರು ರಜೆ. ಆಮೇಲೆ ಎರಡನೇ ಶನಿವಾರ, ಭಾನುವಾರ, ಸೋಮವಾರ ಹಬ್ಬ. ಹೀಗೆ ಒಂಬತ್ತು ದಿನ ಆಯಿತು. "ಮನೆಗೇ ಬನ್ನಿ ಚಿಕ್ಕಪ್ಪ" ಅಂದರೆ, "ನಿಮಗ್ಯಾಕೆ ತೊಂದರೆ ಮಾರಾಯ್ತಿ, ನಾಳೆ ಹೊರಟೇ ಬಿಡ್ತೀನಿ" ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಬ್ಯಾಗ್ ತುಂಬುವುದು, ಸಂಜೆ ಬಿಚ್ಚುವುದು. ಹೊರಡುವ ದಿನ ಏನೇನು ನೋಡಿದಿರಿ ಅಂತ ಕೇಳಿದೆ. ಲಾಡ್ಜು, ಅದರ ಎದುರಿನ ಹೋಟೆಲು, ಆ ಕಚೇರಿ. ಅಷ್ಟೇ. ನನಗೆ ತುಂಬಾ ಬೇಜಾರಾಯಿತು.

ಮೈಸೂರಲ್ಲಿ ಮನೆ ಮಾಡಿಕೊಂಡಿರುವ ನಾವು ಇಂಥವರನ್ನು ಪ್ರತಿ ವರ್ಷ ನೋಡುತ್ತೇವೆ. ಆಸ್ಪತ್ರೆಗೆ ಬಂದವರು, ಮಗನ ಅಡ್ಮಿಷನ್‌ಗೆ ಬಂದವರು, ಕೋರ್ಟಿಗೆ ಬಂದವರು. ಎಲ್ಲರೂ ಎಡವುವುದು ಒಂದೇ ಕಡೆ. "ನಾಳೆ ಆಗುತ್ತೆ" ಅನ್ನುವ ಮಾತನ್ನು ನಂಬಿ ದಿನ ದಿನವೇ ಮುಂದೂಡುತ್ತಾರೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹಾಕಿ

ನಾಳೆ ಅಂದರೆ ಮೂರು ದಿನ ಅಂತ ತಿಳಿಯಿರಿ. ಮೂರು ದಿನ ಅಂದರೆ ಒಂದು ವಾರ. ಕ್ಯಾಲೆಂಡರ್ ತೆಗೆದು ಮಧ್ಯೆ ಬರುವ ಭಾನುವಾರ, ಹಬ್ಬ, ಎರಡನೇ ಮತ್ತು ನಾಲ್ಕನೇ ಶನಿವಾರ ಗುರುತು ಮಾಡಿಕೊಳ್ಳಿ. ವಾಪಸ್ ಟಿಕೆಟ್ ಇದ್ದರೆ ಅವತ್ತೇ ರದ್ದು ಮಾಡಿ, ತಡ ಮಾಡಿದಷ್ಟೂ ಕೈಗೆ ಬರುವ ಹಣ ಕಡಿಮೆ. ಮನೆಗೆ ಫೋನ್ ಮಾಡಿ "ಒಂದು ವಾರ ಆಗುತ್ತೆ" ಅಂತ ಒಂದೇ ಸಲ ಹೇಳಿ. ದಿನಾ ನಾಳೆ ನಾಳೆ ಅನ್ನುತ್ತಿದ್ದರೆ ಅವರಿಗೂ ಗಾಬರಿ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ಹಳೆ ಚೀಟಿ ತೋರಿಸಿ ಹತ್ತು ದಿನಕ್ಕಾಗುವಷ್ಟು ಅವತ್ತೇ ತಂದಿಟ್ಟುಕೊಳ್ಳಿ. ನಾಳೆ ಊರಿಗೆ ಹೋಗ್ತೀನಲ್ಲ ಅಂತ ಮಾತ್ರೆ ಬಿಡುವವರನ್ನು ನಾನೇ ಕಂಡಿದ್ದೇನೆ.

ರೂಮಿನ ಮಾತುಕತೆ

ಇದೇ ಕಷ್ಟದ ಘಟ್ಟ. ಇಲ್ಲಿ ಅರ್ಧ ದಿನ ಹೋದರೂ ಪರವಾಗಿಲ್ಲ.

ನಗರದಲ್ಲಿ ನೆಂಟರ ಮನೆ ಇದ್ದರೆ ಸಂಕೋಚ ಬಿಟ್ಟು ಹೋಗಿ. ಎಷ್ಟು ದಿನ ಅಂತ ಮೊದಲೇ ಹೇಳಿ. ಮನೆಯವರಿಗೆ ಕಷ್ಟ ಆಗುವುದು ನೀವು ಇರುವುದರಿಂದಲ್ಲ, ರಾತ್ರಿ ಊಟಕ್ಕೆ ಇರುತ್ತೀರೋ ಇಲ್ಲವೋ ಗೊತ್ತಾಗದೇ ಇರುವುದರಿಂದ.

ಲಾಡ್ಜೇ ಸರಿ ಅನ್ನುವವರು ಮಾತಾಡಲು ಹನ್ನೊಂದು ಗಂಟೆ ಹೊತ್ತಿಗೆ ಕೆಳಗೆ ಇಳಿಯಿರಿ. ರಾತ್ರಿ ಕೌಂಟರಿನಲ್ಲಿ ಕೂರುವ ಹುಡುಗನಿಗೆ ಬಾಡಿಗೆ ಇಳಿಸುವ ಅಧಿಕಾರ ಇರುವುದಿಲ್ಲ. ಹಗಲು ಮ್ಯಾನೇಜರೋ ಮಾಲೀಕರೋ ಇರುತ್ತಾರೆ. "ಇನ್ನೊಂದು ದಿನ ಇರಬಹುದಾ?" ಅಂತ ಕೇಳಬೇಡಿ. "ಇನ್ನೂ ಆರು ದಿನ ಇರ್ತೀನಿ, ಒಟ್ಟು ಎಷ್ಟು ಮಾಡಿಕೊಡ್ತೀರಿ?" ಅಂತ ಕೇಳಿ. ಒಟ್ಟಿನ ಲೆಕ್ಕಕ್ಕೆ ಬಂದರೆ ಬಾಡಿಗೆ ಇಳಿಸುವುದು ಅವರಿಗೂ ಸುಲಭ. ಇನ್ನೊಂದು ಮುಖ್ಯ ವಿಷಯ. ಮೈಸೂರು ಪ್ರವಾಸಿಗರ ಊರು. ಶುಕ್ರವಾರ ಸಂಜೆಯಿಂದ ರೂಮು ತುಂಬುತ್ತದೆ, ಬಾಡಿಗೆ ಏರುತ್ತದೆ. ದಿನ ದಿನವೇ ಮುಂದೂಡಿಕೊಂಡು ಬಂದವರಿಗೆ ಶನಿವಾರ ಬೆಳಿಗ್ಗೆ "ಬುಕಿಂಗ್ ಇದೆ, ಖಾಲಿ ಮಾಡಿ ಸರ್" ಅನ್ನುತ್ತಾರೆ. ಆಗ ಬ್ಯಾಗ್ ಹೊತ್ತು ಧನ್ವಂತರಿ ರಸ್ತೆ ಪೂರ್ತಿ ಅಲೆಯಬೇಕು. ದಸರಾ ಸಮಯದಲ್ಲಂತೂ ಕೇಳುವುದೇ ಬೇಡ.

ಚೆಕ್ ಔಟ್ ಲೆಕ್ಕ ಕೇಳಿ ತಿಳಿದುಕೊಳ್ಳಿ. 24 ಗಂಟೆ ಲೆಕ್ಕದ ಲಾಡ್ಜಾದರೆ ನೀವು ಬೆಳಿಗ್ಗೆ 6ಕ್ಕೆ ಬಂದಿದ್ದರೆ ದಿನ ಮುಗಿಯುವುದೂ 6ಕ್ಕೇ. ಮಧ್ಯಾಹ್ನ 12ರ ಲೆಕ್ಕವಾದರೆ ಬೇರೆ. ಇದು ಗೊತ್ತಿಲ್ಲದೆ ಎರಡು ತಾಸಿಗೆ ಒಂದು ದಿನದ ಬಾಡಿಗೆ ಕೊಟ್ಟವರಿದ್ದಾರೆ. ಪೂರ್ತಿ ಹಣ ಒಟ್ಟಿಗೆ ಕೊಡಬೇಡಿ. ಎರಡೆರಡು ದಿನದ್ದು ಕೊಟ್ಟು ರಸೀದಿ ಇಸ್ಕೊಳ್ಳಿ. ಕೆಲಸ ಬೇಗ ಮುಗಿದರೆ ಉಳಿದ ದಿನದ್ದು ಕೇಳುವುದಿಲ್ಲ ಅಂತ ಮೊದಲೇ ಒಪ್ಪಿಸಿ.

ಆಮೇಲೆ ರೂಮು ಬದಲಾಯಿಸಿಕೊಳ್ಳಿ. ಒಂದು ರಾತ್ರಿಗೆ ಯಾವ ರೂಮಾದರೂ ನಡೆಯುತ್ತದೆ, ಏಳು ರಾತ್ರಿಗೆ ನಡೆಯುವುದಿಲ್ಲ. ಲಿಫ್ಟ್ ಪಕ್ಕದ್ದು ಬೇಡ, ಜನರೇಟರ್ ಕಡೆಯದ್ದು ಬೇಡ, ಬಸ್‌ಗಳು ತಿರುಗುವ ರಸ್ತೆಯ ಕಡೆಯದ್ದಂತೂ ಬೇಡವೇ ಬೇಡ. ಹಿಂದಿನ ಸಾಲಿನಲ್ಲಿ, ತೆರೆಯುವ ಕಿಟಕಿ ಇರುವ ರೂಮು ಕೇಳಿ. ಒಳಗೆ ಹೋಗಿ ನೋಡಿಯೇ ಒಪ್ಪಿಕೊಳ್ಳಿ. ಕಿಟಕಿ ತೆಗೆದು ನೋಡಿ, ನಲ್ಲಿ ತಿರುಗಿಸಿ, ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಕೇಳಿ. ಒಂದು ಕುರ್ಚಿ ಇರಲೇಬೇಕು. ಇಡೀ ದಿನ ಹಾಸಿಗೆ ಮೇಲೇ ಕೂತರೆ ಎರಡೇ ದಿನಕ್ಕೆ ಮನಸ್ಸು ಕುಗ್ಗುತ್ತದೆ.

ಲಾಡ್ಜಿನವರು ಒಪ್ಪದಿದ್ದರೆ ಬೇರೆ ಕಡೆ ಹೋಗಿ. ನನ್ನ ಮಾತು ಕೇಳುವುದಾದರೆ ಸಬರ್ಬನ್ ಬಸ್ ನಿಲ್ದಾಣದ ಗದ್ದಲ ಬಿಟ್ಟು ಸರಸ್ವತಿಪುರಂ, ಚಾಮರಾಜಪುರಂ ಕಡೆ ನೋಡಿ. ಮರದ ನೆರಳಿನ ರಸ್ತೆಗಳು, ಹತ್ತಿರದಲ್ಲೇ ಕೆರೆ. ಹತ್ತು ದಿನ ದಾಟುತ್ತದೆ ಅಂದರೆ ಪಿ.ಜಿ. ವಿಚಾರಿಸಬಹುದು. ಆದರೆ ಅಡ್ವಾನ್ಸ್ ವಾಪಸ್ ಕೊಡುತ್ತಾರಾ ಅಂತ ಕೇಳಿದ ಮೇಲೆಯೇ ಹಣ ಕೊಡಿ.

ಎರಡು ಜೊತೆ ಬಟ್ಟೆಯಲ್ಲಿ ಒಂದು ವಾರ

ಚಿಕ್ಕಪ್ಪನ ರೂಮಿಗೆ ಹೋದಾಗ ಒದ್ದೆ ಪಂಚೆ ಫ್ಯಾನಿನ ರೆಕ್ಕೆಗೆ ನೇತಾಡುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ, ರೆಕ್ಕೆ ಬಾಗುತ್ತದೆ, ಬಟ್ಟೆಯೂ ಒಣಗುವುದಿಲ್ಲ.

ಐದು ಮೀಟರ್ ನೈಲಾನ್ ಹಗ್ಗ, ಒಂದಿಷ್ಟು ಕ್ಲಿಪ್, ಒಂದು ಬಟ್ಟೆ ಸೋಪು, ಒಂದು ದಪ್ಪ ಹತ್ತಿ ಟವಲ್ ತಗೊಳ್ಳಿ. ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಕೊಕ್ಕೆ ಬೇಡ, ಒದ್ದೆ ಬಟ್ಟೆ ಹಾಕಿದ ಕೂಡಲೇ ಕಿತ್ತು ಬೀಳುತ್ತದೆ. ರಾತ್ರಿ ಸ್ನಾನಕ್ಕೆ ಮುಂಚೆ ಆ ದಿನದ ಬಟ್ಟೆ ಒಗೆಯಿರಿ. ಮರುದಿನಕ್ಕೆ ಸೇರಿಸಬೇಡಿ. ಚೆನ್ನಾಗಿ ಹಿಂಡಿ, ಒಣ ಟವಲನ್ನು ಹಾಸಿ ಅದರ ಮೇಲೆ ಅಂಗಿ ಹರವಿ. ಚಾಪೆ ಸುತ್ತಿದ ಹಾಗೆ ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ, ಮೇಲೆ ಮೊಣಕಾಲೂರಿ ಉದ್ದಕ್ಕೂ ಒತ್ತಿ. ಬಿಚ್ಚಿದರೆ ಟವಲ್ ಭಾರವಾಗಿರುತ್ತದೆ, ಅಂಗಿ ಹಗುರ ಆಗಿರುತ್ತದೆ. ಕಿಟಕಿ ತೆಗೆದು, ಫ್ಯಾನ್ ಜೋರಾಗಿ ಹಾಕಿ ಒಣಗಿಸಿ. ಬೆಳಿಗ್ಗೆ ಕಾಲರ್ ಸ್ವಲ್ಪ ತೇವ ಇದ್ದರೂ ಚಿಂತೆ ಇಲ್ಲ, ಬೀದಿಯ ಇಸ್ತ್ರಿ ಗಾಡಿಯವರಿಗೆ ಅಷ್ಟು ತೇವ ಇದ್ದರೇ ಅನುಕೂಲ. ಜೀನ್ಸ್ ಮಾತ್ರ ರೂಮಿನಲ್ಲಿ ಒಗೆಯಲೇಬೇಡಿ, ತೂಕದ ಲೆಕ್ಕದ ಲಾಂಡ್ರಿಗೆ ಕೊಡಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಚೇರಿಗೆ ಹೋಗಿ ನೋಡಿ. ನೀವು ನಿಲ್ಲುವ ರೀತಿಯೇ ಬೇರೆ ಇರುತ್ತದೆ.

ಊಟ

ಮೂರು ಹೊತ್ತೂ ಹೋಟೆಲಾದರೆ ಹೊಟ್ಟೆ ಕೆಡುತ್ತದೆ. ಮಧ್ಯಾಹ್ನ ಮೆಸ್ಸಿನ ಅನ್ನ ಸಾರು, ರಾತ್ರಿ ಇಡ್ಲಿಯೋ ಹಣ್ಣೋ ಸಾಕು. ಕೈಯಲ್ಲಿ ಹಣ ಕಡಿಮೆ ಇದ್ದರೆ ಇಂದಿರಾ ಕ್ಯಾಂಟೀನ್ ಇದೆ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಒಂದು ಬೆಳಿಗ್ಗೆ ಮಾತ್ರ ನಜರ್‌ಬಾದಿಗೆ ಹೋಗಿ ಮೈಲಾರಿ ದೋಸೆ ತಿನ್ನಿ. ಒಳಗೆ ಸಾಗು, ಮೇಲೆ ಬೆಣ್ಣೆ, ಬೆರಳು ತಾಗಿದರೆ ಮುರಿಯುವಷ್ಟು ಮೆತ್ತಗೆ.

ದಿನಕ್ಕೆ ಒಂದೇ ಜಾಗ

ಒಂದೇ ದಿನದಲ್ಲಿ ಮೈಸೂರು ಪೂರ್ತಿ ತೋರಿಸುವ ವ್ಯಾನ್‌ಗಳಿಗೆ ಹತ್ತಬೇಡಿ. ಅವು ಒಂದೇ ದಿನ ಇರುವವರಿಗೆ. ನಿಮಗೆ ದಿನಗಳಿವೆ. ಕಮ್ಮಿ ದುಡ್ಡಿಗೆ ಊರೆಲ್ಲ ಸುತ್ತಿಸ್ತೀನಿ ಅನ್ನುವ ಆಟೋ ಕೂಡ ಬೇಡ, ಕಮಿಷನ್ ಕೊಡುವ ಎಂಪೋರಿಯಂ ಮುಂದೆ ನಿಲ್ಲಿಸುತ್ತಾರೆ. ಮೈಸೂರು ಸಿಲ್ಕ್ ಸೀರೆ ಬೇಕಿದ್ದರೆ ಸರ್ಕಾರದ್ದೇ ಆದ ಕೆಎಸ್ಐಸಿ ಮಳಿಗೆಗೇ ಹೋಗಿ.

ಕಚೇರಿ ತೆರೆಯುವ ಮುಂಚಿನ ಹೊತ್ತು ಪೂರ್ತಿ ನಿಮ್ಮದು. ಬೆಳಕು ಹರಿಯುವಾಗ ಕುಕ್ಕರಹಳ್ಳಿ ಕೆರೆಗೆ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಆದ ಕೆರೆ. ನೀರಿನ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಕೊಕ್ಕನ್ನು ಎದೆಗೆ ಒತ್ತಿಕೊಂಡು ಕೂತಿರುತ್ತವೆ. ಮೂರನೇ ದಿನ ನಡೆಯುವಾಗ ಎದುರಿಗೆ ಬರುವವರು ನಿಮ್ಮ ಮುಖ ಗುರುತು ಹಿಡಿದು ನಗುತ್ತಾರೆ. ಆ ನಗು ಸಿಕ್ಕ ಮೇಲೆ ಊರು ಪರಊರು ಅನ್ನಿಸುವುದಿಲ್ಲ.

ಇನ್ನೊಂದು ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ. ಮುಕ್ಕಾಲು ದಾರಿಯಲ್ಲಿ ಏಕಶಿಲೆಯ ದೊಡ್ಡ ನಂದಿ ಸಿಗುತ್ತದೆ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ, ಅದಕ್ಕೆ ಮೇಲಿಂದ 201ನೇ ನಂಬರ್ ಬಸ್ ಹಿಡಿದು ಬನ್ನಿ. ಮೃಗಾಲಯ, ಕಾರಂಜಿ ಕೆರೆಗೆ ಮಂಗಳವಾರ ರಜೆ. ಭಾನುವಾರ ಸಂಜೆ ಅರಮನೆ ದೀಪ. ಏಳಕ್ಕೆ ಹತ್ತು ನಿಮಿಷ ಮುಂಚೆಯೇ ಹೋಗಿ ಕತ್ತಲಲ್ಲಿ ನಿಲ್ಲಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಆ ಒಂದು ಕ್ಷಣಕ್ಕೇ ಜನ ಕಾಯುವುದು, ತಡವಾಗಿ ಹೋದರೆ ಅದೇ ತಪ್ಪಿಹೋಗುತ್ತದೆ. ನಾಟಕ ಇಷ್ಟ ಇದ್ದರೆ ವಾರಾಂತ್ಯದಲ್ಲಿ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಏನಿದೆ ಅಂತ ವಿಚಾರಿಸಿ.

ಏನೂ ಬೇಡ ಅನ್ನಿಸಿದ ದಿನ ದೇವರಾಜ ಮಾರುಕಟ್ಟೆಯಲ್ಲಿ ಸುಮ್ನೆ ನಡೆಯಿರಿ. ಕುಂಕುಮದ ಗುಡ್ಡೆಗಳು, ವೀಳ್ಯದೆಲೆ ಕಟ್ಟುಗಳು, ಮಾರು ಅಳೆದು ಕೊಡುವ ಮಲ್ಲಿಗೆ. ಬಾಳೆಹಣ್ಣಿನವರ ಹತ್ತಿರ ನಂಜನಗೂಡು ರಸಬಾಳೆ ಇದೆಯಾ ಅಂತ ಕೇಳಿ. ಸಿಗುವುದು ಅಪರೂಪ. ಸಿಕ್ಕರೆ ಬಿಡಬೇಡಿ.

ಕಚೇರಿ ರಜೆಯ ದಿನ

ರಜೆಯ ದಿನ ರೂಮಿನಲ್ಲಿ ಇರಲೇಬಾರದು. ಶ್ರೀರಂಗಪಟ್ಟಣಕ್ಕೂ ನಂಜನಗೂಡಿಗೂ ರೈಲಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆಯ ಮೇಲೆ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ. ಒಂದೇ ಊರಿಗೆ ಸಮಯ ಇದೆ ಅಂದರೆ ನಾನು ಸೋಮನಾಥಪುರ ಅನ್ನುತ್ತೇನೆ. ಬನ್ನೂರಿಗೆ ಬಸ್, ಅಲ್ಲಿಂದ ಇನ್ನೊಂದು ಬಸ್. 1268ರ ಹೊಯ್ಸಳರ ಗುಡಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹೊರಗೋಡೆಯ ಮೂರ್ತಿಗಳ ಪೀಠ ಬಗ್ಗಿ ನೋಡಿ. ಮಲ್ಲಿತಮ್ಮ ಅನ್ನುವ ಶಿಲ್ಪಿ ತನ್ನ ಹೆಸರು ಕೆತ್ತಿದ್ದಾನೆ. ಹೆಂಗಸರು ಆಧಾರ್ ಕಾರ್ಡ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ಹಣ ಇಲ್ಲ.

ಮೈಸೂರು ಪಾಕು ಕೆಲಸ ಮುಗಿದ ಮೇಲೆಯೇ ಕೊಳ್ಳಿ, ಮುಂಚೆ ಕೊಂಡರೆ ರೂಮಿನಲ್ಲೇ ಖರ್ಚಾಗುತ್ತದೆ. ವೀಳ್ಯದೆಲೆ ಒಯ್ಯುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ.

ಹೋದ ತಿಂಗಳು ಚಿಕ್ಕಪ್ಪನಿಗೆ ಮತ್ತೆ ಅದೇ ಕಚೇರಿಯ ಕೆಲಸ ಬಿತ್ತು. ಈ ಸಲ ಸೀದಾ ಮನೆಗೆ ಬಂದು, "ಐದು ದಿನ ಇರ್ತೀನಿ, ರಾತ್ರಿ ಊಟಕ್ಕೆ ಇರ್ತೀನಿ" ಅಂದರು. ಮೊದಲ ದಿನ ಕಚೇರಿಯಿಂದ ವಾಪಸ್ ಬಂದವರು, ಚಪ್ಪಲಿ ಬಿಡುತ್ತಾ ಕೇಳಿದ್ದು ಕಡತದ ವಿಷಯವಲ್ಲ. "ಬನ್ನೂರಿಗೆ ಬೆಳಿಗ್ಗೆ ಎಷ್ಟೊತ್ತಿಗೆ ಬಸ್ಸಿದೆ?" ಅಂತ.